ಹಸಿರು ದೀಪವೂ ಕೊಳಗದ ಲೆಕ್ಕವೂ

ಎರಡು ವರ್ಷಗಳ ಹಿಂದಿನ ಮಾತು. ಸುಗ್ಗಿಯ ದಿನಗಳಲ್ಲಿ ಊರಿಗೆ ಹೊರಟಿದ್ದ ನನ್ನ ವಿದ್ಯಾರ್ಥಿಗಳಿಗೆ, ಕಣದ ಕೆಲಸಕ್ಕೆ ಸಂಬಂಧಿಸಿದ ಹಳೆಯ ಮಾತುಗಳನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಂಡು ಬರುವಂತೆ ಹೇಳಿ ಕಳುಹಿಸಿದ್ದೆನು. ಮೇಟಿ, ಮೊರ, ಬಣವೆ, ಕೊಳಗ, ಖಂಡುಗ ಮೊದಲಾದ ಶಬ್ದಗಳೂ ಅವುಗಳ ಸುತ್ತ ಹೆಣೆದುಕೊಂಡಿರುವ ನಡವಳಿಕೆಗಳೂ ನಾಲ್ಕು ನೋಟುಪುಸ್ತಕಗಳನ್ನು ತುಂಬಿಕೊಂಡು ಬಂದವು. ಅಚ್ಚು ಹಾಕಿಸಲು ನಮ್ಮಲ್ಲಿ ಹಣವಿರಲಿಲ್ಲ. ಹಾಗೆಂದು ಅವುಗಳನ್ನು ಬೀರುವಿನಲ್ಲಿಟ್ಟು ಗೆದ್ದಲಿಗೆ ಒಪ್ಪಿಸಲು ಮನಸ್ಸೂ ಬರಲಿಲ್ಲ. ಆದಕಾರಣ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ನೆರವಿನಿಂದ ಒಂದು ಜಾಲತಾಣವನ್ನು ತೆರೆದು, ಎಲ್ಲವನ್ನೂ ಅಲ್ಲಿಗೆ ಏರಿಸಿದೆವು.

ಒಬ್ಬ ವಿದ್ಯಾರ್ಥಿನಿಯ ಅಜ್ಜನವರು ಕೊಳಗ, ಸೇರುಗಳ ಲೆಕ್ಕವನ್ನೆಲ್ಲ ಬಲು ಅಕ್ಕರೆಯಿಂದ ಹೇಳಿಕೊಟ್ಟಿದ್ದರು. ಎಂಬತ್ತನ್ನು ದಾಟಿದ ವಯಸ್ಸು. ತಾವು ಹೇಳಿದ ಮಾತು ಫೋನಿನಲ್ಲಿ ಬರುವುದೆಂದು ಕೇಳಿ, ಅದನ್ನು ನೋಡಬೇಕೆಂದು ಮೊಮ್ಮಗಳನ್ನು ಒತ್ತಾಯಪಡಿಸುತ್ತಿದ್ದರಂತೆ. ಹುಡುಗಿ ಗೂಗಲ್‌ನಲ್ಲಿ ‘ಕೊಳಗ’ ಎಂದು ಬರೆದು ಹುಡುಕಿದಳು. ಯಾವ ಯಾವುದೋ ಊರಿನ ಹೆಸರುಗಳೂ ಯಾರದೋ ಅಂಗಡಿಯ ಪಾತ್ರೆಗಳೂ ಬಂದವು. ಅಜ್ಜ ಹೇಳಿದ ಮಾತು ಬರಲಿಲ್ಲ. ಹತ್ತು ಪುಟ ಸರಿಸಿದರೂ ಬರಲಿಲ್ಲ. “ಸಾರ್, ನಾವು ಬರೆದದ್ದು ಎಲ್ಲಿಗೆ ಹೋಯಿತು?” ಎಂದು ಅವಳು ತರಗತಿಯಲ್ಲಿಯೇ ಎದ್ದು ನಿಂತು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿಲ್ಲದವನು ಉಪಕರಣಗಳನ್ನು ಕೂಡಿಸಲಾರಂಭಿಸುತ್ತಾನೆ. ನಾನೂ ಹಾಗೆಯೇ ಮಾಡಿದೆನು. ವರ್ಡ್‌ಪ್ರೆಸ್ಸಿಗೆ ಎರಡು ಬಗೆಯ ಜೋಡಣೆಗಳುಂಟು. ಥೀಮ್ ಎಂಬುದು ಜಾಲತಾಣದ ವೇಷಭೂಷಣ. ಪುಟದ ಆಕಾರ, ಅಕ್ಷರದ ಗಾತ್ರ, ಚಿತ್ರಗಳ ಸ್ಥಾನ ಇವೆಲ್ಲವೂ ಅದರ ಅಧೀನ. ಪ್ಲಗಿನ್ ಎಂಬುದು ಮೂಲತಂತ್ರಾಂಶಕ್ಕೆ ಇಲ್ಲದ ಒಂದು ಕೆಲಸವನ್ನು ಮಾಡಿಕೊಡುವ ಆಳು. ಮ್ಯಾಟ್ ಮುಲೆನ್‌ವೆಗ್, ಮೈಕ್ ಲಿಟ್ಲ್ ಎಂಬಿಬ್ಬರು ವರ್ಡ್‌ಪ್ರೆಸ್ಸನ್ನು ಹೊರತಂದುದು 2003ರಲ್ಲಿ. ಪ್ಲಗಿನ್‌ಗಳ ವ್ಯವಸ್ಥೆ ಮರುವರ್ಷವೇ ಬಂದಿತು, ಥೀಮ್‌ಗಳದು 2005ರಲ್ಲಿ. ಇಂದು ಈ ಆಳುಗಳ ಸಂತೆಯಲ್ಲಿ ಹತ್ತಾರು ಸಾವಿರ ಮಂದಿ ನೆರೆದಿದ್ದಾರೆ. ಗೂಗಲ್‌ನ ಪಟ್ಟಿಯಲ್ಲಿ ನಿಮ್ಮನ್ನು ಮೇಲಕ್ಕೇರಿಸುತ್ತೇವೆಂದು ಹೇಳಿಕೊಳ್ಳುವವರೇ ಅವರಲ್ಲಿ ಲೆಕ್ಕವಿಲ್ಲದಷ್ಟು. ನಾನು ಒಂದೇ ವಾರದಲ್ಲಿ ಹದಿನೇಳನ್ನು ಹಾಕಿಕೊಂಡೆನು. ಅವುಗಳಲ್ಲಿ ಎರಡು ಒಂದೇ ಕೆಲಸಕ್ಕೆ ನಿಂತವು. ಪರಿಣಾಮವಾಗಿ ಪ್ರತಿಯೊಂದು ಪುಟಕ್ಕೂ ಎರಡೆರಡು ವಿವರಣೆಗಳು ಅಂಟಿಕೊಂಡವು. ಒಂದೇ ಹಣೆಗೆ ಎರಡು ಹೆಸರಿನ ಚೀಟಿ!

ಅವುಗಳೊಳಗೆ ಒಂದು ನನ್ನನ್ನು ವಿಶೇಷವಾಗಿ ವಶಪಡಿಸಿಕೊಂಡಿತು. ಹೆಸರು ಬೇಡ, ತಪ್ಪು ಅದರದಕ್ಕಿಂತ ನನ್ನದೇ ಹೆಚ್ಚು. ಲೇಖನವೊಂದಕ್ಕೆ ಮುಖ್ಯಪದ ಯಾವುದೆಂದು ಅದಕ್ಕೆ ತಿಳಿಸಬೇಕು. ಒಡನೆಯೇ ಅದು ಬರಹವನ್ನು ಪರೀಕ್ಷಿಸಿ ಕೆಂಪು, ಕಿತ್ತಳೆ, ಹಸಿರು ಎಂಬ ಮೂರು ದೀಪಗಳಲ್ಲಿ ಒಂದನ್ನು ಹಚ್ಚುತ್ತದೆ. ನಾನು ‘ಕೊಳಗ’ ಎಂದು ತಿಳಿಸಿದೆನು. ಕೆಂಪು ದೀಪ ಹತ್ತಿತು. ಲೇಖನದಲ್ಲಿ ಮುಖ್ಯಪದವೇ ಕಾಣುವುದಿಲ್ಲವೆಂದು ಅದರ ದೂರು! ಲೇಖನದ ತುಂಬ ಕೊಳಗವೇ ಇತ್ತಲ್ಲ ಎಂದು ಮತ್ತೆ ನೋಡಿದಾಗ ಸಂಗತಿ ಹೊಳೆಯಿತು. ಅಲ್ಲಿದ್ದುದು ಕೊಳಗದಲ್ಲಿ, ಕೊಳಗಕ್ಕೆ, ಕೊಳಗದಿಂದ, ಕೊಳಗವನ್ನು. ವಿಭಕ್ತಿಪ್ರತ್ಯಯವನ್ನು ಪದಕ್ಕೇ ಬೆಸೆಯುವ ನಮ್ಮ ಭಾಷೆಯ ಸ್ವಭಾವವನ್ನು ಆ ಬಡಪಾಯಿ ಅರಿಯದು. ನಾಮಪದವು ಹೆಚ್ಚು ಕಡಮೆ ಒಂದೇ ರೂಪದಲ್ಲಿ ನಿಲ್ಲುವ ಇಂಗ್ಲಿಷನ್ನು ಮುಂದಿಟ್ಟುಕೊಂಡು ಮಾಡಿದ ಅಳತೆಗೋಲು ಅದು. ಬರಹವು ಸರಳವೋ ಕಠಿಣವೋ ಎಂದು ಹೇಳುವ ಅದರ ಇನ್ನೊಂದು ಲೆಕ್ಕವೂ ಅಂಥದೇ. ರುಡಾಲ್ಫ್ ಫ್ಲೆಷ್ ಎಂಬಾತನು 1948ರಲ್ಲಿ ಇಂಗ್ಲಿಷ್ ಗದ್ಯಕ್ಕಾಗಿ ರೂಪಿಸಿದ ಸೂತ್ರವದು. ಒಂದೇ ಶಬ್ದದೊಳಗೆ ಒಂದು ಇಡೀ ವಾಕ್ಯದ ಅರ್ಥವನ್ನು ಅಡಗಿಸಬಲ್ಲ ಕನ್ನಡಕ್ಕೆ ಅದನ್ನು ಹಿಡಿಯುವುದು ಆನೆಯನ್ನು ಮೊಳದಿಂದ ತೂಗಿದಂತೆ.

ಇಷ್ಟು ತಿಳಿದ ಮೇಲೆ ಸುಮ್ಮನಿರಬೇಕಾಗಿತ್ತು. ಆದರೆ ಹಸಿರು ದೀಪದ ಮೋಹ ದೊಡ್ಡದು. ಕೂತು ವಾಕ್ಯಗಳನ್ನು ತಿದ್ದಿದೆನು. “ಕೊಳಗ ತಂದು ಕೊಳಗ ತುಂಬಿ ಕೊಳಗ ಅಳೆಯುತ್ತಾರೆ” ಎಂಬ ರೀತಿಯ ಗದ್ಯವನ್ನು, ಕನ್ನಡ ಎಂ.ಎ. ಮಾಡಿಕೊಂಡ ನಾನು, ಅಜ್ಜನ ಹೆಸರಿನ ಕೆಳಗೆ ಪ್ರಕಟಿಸಿದೆನು. ದೀಪ ಹಸಿರಾಯಿತು. ಗೂಗಲ್‌ನಲ್ಲಿ ಪುಟ ಮಾತ್ರ ಬರಲಿಲ್ಲ. ಬರುವುದು ಹೇಗೆ? ಆ ದೀಪ ಗೂಗಲ್ ಹಚ್ಚಿದ ದೀಪವಲ್ಲ. ಪ್ಲಗಿನ್ ಮಾಡಿದವರು ತಮ್ಮ ಊಹೆಯಿಂದ ಹಚ್ಚಿದುದು. ಅಷ್ಟೇ ಅಲ್ಲ, ಒಂದೇ ಪದವನ್ನು ಹೀಗೆ ತುರುಕುವುದನ್ನು ಗೂಗಲ್ ತನ್ನ ನಿಯಮಾವಳಿಯಲ್ಲಿ ಮೋಸದ ಬಗೆಗಳಲ್ಲೊಂದಾಗಿ ಎಣಿಸಿದೆ. ಪುಟದ ಮರೆಯಲ್ಲಿ ಮುಖ್ಯಪದಗಳ ಪಟ್ಟಿಯನ್ನು ಬರೆದಿಡುವ ಹಳೆಯ ಪದ್ಧತಿಯೊಂದಿತ್ತು. ಶ್ರೇಯಾಂಕಕ್ಕೆ ತಾನು ಅದನ್ನು ಗಣಿಸುವುದೇ ಇಲ್ಲವೆಂದು ಗೂಗಲ್ 2009ರಲ್ಲಿಯೇ ಸಾರಿತು. ಆದರೂ ಆ ಪಟ್ಟಿಯನ್ನು ತುಂಬಿಸುತ್ತಿರುವವರು ಇಂದಿಗೂ ಇದ್ದಾರೆ. ನಾನೂ ತುಂಬಿಸಿದ್ದೆನು.

ನಾಲ್ಕು ತಿಂಗಳು ಹೀಗೆ ಕಳೆಯಿತು.

ಒಳಗಿನಿಂದ ಹಾಕಿದ ಅಗುಳಿ

ಗಣಕವಿಜ್ಞಾನ ವಿಭಾಗದ ಮಿತ್ರರೊಬ್ಬರು ಒಂದು ಮಧ್ಯಾಹ್ನ ಕಾಫಿಗೆ ಬಂದವರು, ನನ್ನ ಹದಿನೇಳು ಆಳುಗಳನ್ನು ಕಂಡು ನಕ್ಕು, ವರ್ಡ್‌ಪ್ರೆಸ್ಸಿನ ಸಂಯೋಜನೆಗಳೊಳಗೆ ‘ಓದುವಿಕೆ’ಗೆ ಸಂಬಂಧಿಸಿದ ಪುಟವನ್ನು ತೆರೆದರು. ಈ ತಾಣವನ್ನು ಪಟ್ಟಿಮಾಡದಿರುವಂತೆ ಹುಡುಕುಯಂತ್ರಗಳನ್ನು ವಿನಂತಿಸುವ ಒಂದು ಪುಟ್ಟ ಚೌಕ ಅಲ್ಲಿದೆ. ತಾಣವಿನ್ನೂ ಸಿದ್ಧವಾಗದಿರುವಾಗ ಅದಕ್ಕೆ ಗುರುತು ಹಾಕಿಕೊಂಡು, ಸಿದ್ಧವಾದ ಮೇಲೆ ತೆಗೆಯುವುದು ವಾಡಿಕೆ. ನಾನೇ ಮೊದಲ ದಿನ ಗುರುತು ಹಾಕಿದ್ದೆ; ನಾನೇ ಮರೆತಿದ್ದೆ. ನಾಲ್ಕು ತಿಂಗಳ ಕಾಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು, ಜಗುಲಿಯಲ್ಲಿ ಹಸಿರು ದೀಪ ಹಚ್ಚಿ ಅತಿಥಿಗಳಿಗಾಗಿ ಕಾದಿದ್ದಾಯಿತು.

ಇದೇ ತೊಂದರೆಯಲ್ಲಿರುವ ವಾಚಕರು ಯಾರಾದರೂ ಇದ್ದರೆ ಮೊದಲು ಆ ಚೌಕವನ್ನು ನೋಡಲಿ, ಇನ್ನುಳಿದುದೆಲ್ಲ ಆಮೇಲೆ.

ಅಗುಳಿ ತೆಗೆದ ಮಾತ್ರಕ್ಕೆ ಮೊದಲ ಪಂಕ್ತಿ ದೊರೆಯುವುದಿಲ್ಲ. ಹುಡುಕುಯಂತ್ರದ ಕೆಲಸ ಮೂರು ಹಂತಗಳದು: ಸಂಚಾರಿಯಾದ ಒಂದು ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಅಲೆದು ಪುಟಗಳನ್ನು ಓದುತ್ತದೆ, ಓದಿದುದನ್ನು ಪದಾನುಕ್ರಮಣಿಕೆಯಂತೆ ಜೋಡಿಸಿಡುತ್ತದೆ, ಯಾರಾದರೂ ಕೇಳಿದಾಗ ಯಾವುದು ಮೊದಲು, ಯಾವುದು ಹಿಂದೆ ಎಂದು ತೀರ್ಮಾನಿಸುತ್ತದೆ. ಈ ಮೂರನೆಯದರಲ್ಲಿಯೇ ಗೂಗಲ್‌ನ ಕೀರ್ತಿಯ ಮೂಲವಿರುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್, ಸರ್ಗೈ ಬ್ರಿನ್ ಎಂಬುವರು 1998ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳಿಷ್ಟೆ: ಒಂದು ಪುಟಕ್ಕೆ ಇನ್ನೊಂದು ಪುಟವು ಕೊಡುವ ಕೊಂಡಿಯು ಒಂದು ಮನ್ನಣೆ, ಮನ್ನಣೆ ಕೊಟ್ಟವರಿಗೆ ಎಷ್ಟು ಮನ್ನಣೆಯಿದೆಯೋ ಅದರ ಮೇಲೆ ಆ ಮನ್ನಣೆಯ ತೂಕ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದೇನೂ ಹೊಸತಲ್ಲ. ನಮ್ಮ ಪ್ರಾಚೀನ ಕಾವ್ಯಗಳ ಪೀಠಿಕೆಯಲ್ಲಿ ಪೂರ್ವಕವಿಸ್ತುತಿ ಬರುತ್ತದಷ್ಟೆ. ಯಾರನ್ನು ಎಷ್ಟು ಮಂದಿ ಸ್ಮರಿಸಿದರು, ಸ್ಮರಿಸಿದವರು ಎಂಥವರು ಎಂಬುದನ್ನು ನೋಡಿ ಕವಿಯ ಸ್ಥಾನವನ್ನು ಅಂದಾಜು ಮಾಡುವ ಕ್ರಮವನ್ನು ಸಾಹಿತ್ಯಚರಿತ್ರಕಾರರು ಎಂದೋ ಬಲ್ಲರು. ಇಂದು ಗೂಗಲ್ ಗಮನಿಸುವ ಸಂಗತಿಗಳು ಇನ್ನೂ ಬಹಳ; ಆದರೆ ಕೊಂಡಿಯ ಮಾತು ಬಿದ್ದುಹೋಗಿಲ್ಲ. ಹಣ ಕೊಟ್ಟು ಸ್ತುತಿಸಿಕೊಳ್ಳುವವರೂ ಹುಟ್ಟಿಕೊಂಡರೆನ್ನಿ. ಅವರ ಹಾವಳಿಯನ್ನಡಗಿಸಲು 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ಮಾರ್ಪಾಟೊಂದು ಬಂದಿತು. ಕೊಂಡ ಕೊಂಡಿಗಳನ್ನು ನೆಚ್ಚಿದ್ದ ಅನೇಕ ತಾಣಗಳು ಅದರಿಂದ ನೆಲ ಕಚ್ಚಿದವು.

ವೇಷದ ಭಾರ

ನಮ್ಮ ಥೀಮ್ ನೋಡಲು ಬಲು ಸೊಗಸಾಗಿತ್ತು. ಮುಖಪುಟದಲ್ಲಿ ಐದು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಜಾರಿ ಬರುತ್ತಿದ್ದವು. ಕಾಲೇಜಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ವಿದ್ಯಾರ್ಥಿನಿಯ ಊರಿನಲ್ಲಿ, ಅವಳ ಫೋನಿನಲ್ಲಿ, ಅದು ತೆರೆದುಕೊಳ್ಳಲು ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು. ಪುಟದ ಅತಿ ದೊಡ್ಡ ಭಾಗವು ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ವಿಧಿಸಿಕೊಂಡಿರುವ ಒಳ್ಳೆಯ ಪುಟದ ಲಕ್ಷಣ. ಇಂಥ ಕೆಲವು ಅಳತೆಗಳನ್ನು ಶ್ರೇಯಾಂಕಕ್ಕೆ ಸೇರಿಸಿಕೊಂಡುದು 2021ರಲ್ಲಿ. ಮೊಬೈಲಿಗೆ ಹೊಂದಿಕೊಳ್ಳುವ ಪುಟಗಳಿಗೆ ಮೊಬೈಲಿನ ಹುಡುಕಾಟದಲ್ಲಿ ಆದ್ಯತೆ ದೊರೆತುದು ಅದಕ್ಕೂ ಮೊದಲು, 2015ರಲ್ಲಿ. ಜಾರುವ ಚಿತ್ರಗಳ ಥೀಮನ್ನು ಕಿತ್ತು, ವರ್ಡ್‌ಪ್ರೆಸ್ಸಿನ ಜೊತೆಗೇ ಬರುವ ಸರಳವಾದ ಥೀಮೊಂದನ್ನು ಹಾಕಿದೆವು. ನಾಲ್ಕೈದು ಮೆಗಾಬೈಟ್ ತೂಗುತ್ತಿದ್ದ ಕಣದ ಭಾವಚಿತ್ರಗಳನ್ನು ಕುಗ್ಗಿಸಿದೆವು. ಹದಿನೇಳು ಪ್ಲಗಿನ್‌ಗಳಲ್ಲಿ ಮೂರನ್ನು ಉಳಿಸಿಕೊಂಡೆವು: ತಲೆಬರಹ ವಿವರಣೆಗಳನ್ನು ಬರೆಯಲು ಒಂದು, ಸಿದ್ಧಪುಟಗಳ ಪ್ರತಿಯನ್ನು ಇಟ್ಟುಕೊಂಡು ಕೇಳಿದೊಡನೆ ಕೊಡಲು ಒಂದು, ಕಸದ ಟಿಪ್ಪಣಿಗಳನ್ನು ತಡೆಯಲು ಒಂದು. ತಾಣದ ಪುಟಗಳ ನಕ್ಷೆಯನ್ನು ಮಾಡಿಕೊಡುವ ಪ್ಲಗಿನ್ ಬೇಕಾಗಲಿಲ್ಲ; 2020ರಿಂದೀಚೆಗೆ ವರ್ಡ್‌ಪ್ರೆಸ್ಸೇ ಆ ಕೆಲಸವನ್ನು ಮಾಡುತ್ತದೆ. ಹನ್ನೊಂದು ಸೆಕೆಂಡು ಮೂರಕ್ಕಿಳಿಯಿತು.

ಇಷ್ಟೆಲ್ಲ ಮಾಡುವಾಗ ಇನ್ನೊಂದು ಅನಾಹುತ ಕಣ್ಣಿಗೆ ಬಿದ್ದಿತು. ಒಂದು ನೋಟುಪುಸ್ತಕದ ಭಾಗವನ್ನು ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಸಿ, ಅದೇ ಕಡತವನ್ನು ಹಾಗೆಯೇ ಏರಿಸಿದ್ದೆವು. ನಮ್ಮ ಕಣ್ಣಿಗೆ ಅದು ಶುದ್ಧ ಕನ್ನಡ. ಯಂತ್ರಕ್ಕೋ, ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಏಕೆಂದರೆ ಆ ವ್ಯವಸ್ಥೆಯಲ್ಲಿ ರೋಮನ್ ಸಂಕೇತಗಳಿಗೇ ಕನ್ನಡದ ಆಕೃತಿ ತೊಡಿಸಿರುತ್ತಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಕೇತಗಳು 1991ರಿಂದಲೇ ಇದ್ದರೂ ನಮ್ಮ ಎಷ್ಟೋ ಸಂಸ್ಥೆಗಳ ಸ್ಮರಣಸಂಚಿಕೆಗಳೂ ವರದಿಗಳೂ ಇಂದಿಗೂ ಈ ಹಳೆಯ ರೂಪದಲ್ಲಿಯೋ ಬರಿಯ ಚಿತ್ರಗಳಾಗಿಯೋ ಬಿದ್ದಿವೆ. ಅವುಗಳಿಗೆ ಯಾವ ಪ್ಲಗಿನ್ ತಾನೇ ಏನು ಮಾಡೀತು? ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳ ದೋಷಗಳನ್ನು ಕೈಯಿಂದ ತಿದ್ದದೆ ಗತ್ಯಂತರವಿಲ್ಲ. ವಿದ್ಯಾರ್ಥಿಗಳು ಎರಡು ಭಾನುವಾರ ಕುಳಿತು ತಿದ್ದಿದರು.

ವಿಳಾಸದ ವಿಷಯದಲ್ಲಿಯೂ ಒಂದು ಮಾತು. ತಲೆಬರಹ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲಿಯೇ ಮಾಡುತ್ತದೆ. ಅಭಿಮಾನ ಪಡಬೇಕಾದುದೇ. ಆದರೆ ಒಳಗೆ ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಕೊಳಗ’ ಎಂಬ ಮೂರಕ್ಷರದ ಪದಕ್ಕೆ 36 ಚಿಹ್ನೆ! ವಿಳಾಸಕ್ಕೆ ಮೀಸಲಾದ ಜಾಗ 200 ಚಿಹ್ನೆಗಳದು. ಆದ್ದರಿಂದ ಉದ್ದನೆಯ ತಲೆಬರಹ ನಡುವೆಯೇ ತುಂಡಾಗುತ್ತದೆ. ಮಿತ್ರರಿಗೆ ಕಳುಹಿಸಿದರೆ ಶೇಕಡಾ ಗುರುತುಗಳ ಹಿಂಡೊಂದು ಹೋಗಿ ಬೀಳುತ್ತದೆ. ನಾವು ವಿಳಾಸವನ್ನು ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆದುಕೊಂಡೆವು. ಇದರಿಂದ ಶ್ರೇಯಾಂಕ ಏರಿತೆಂದು ಹೇಳಲಾರೆ, ಓದುಗರಿಗೆ ಅನುಕೂಲವಾಯಿತು.

ಇನ್ನು ತಲೆಬರಹ. ಎಲ್ಲಕ್ಕಿಂತ ಹೆಚ್ಚು ನೋವಾದುದು ಇಲ್ಲಿಯೇ. ಅಳತೆಗಳ ಬಗೆಗಿನ ಪುಟಕ್ಕೆ ನಾನು ಕೊಟ್ಟಿದ್ದ ಹೆಸರು ‘ಕಣದಲ್ಲೊಂದು ಬೆಳುದಿಂಗಳು’. ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆನು. ಪತ್ರಿಕೆಯಲ್ಲಾದರೆ ಅದು ಸಲ್ಲುತ್ತದೆ. ವಾಚಕರು ಪುಟ ತಿರುವುತ್ತ ಬಂದು, ಚಿತ್ರ ನೋಡಿ, ಕುತೂಹಲದಿಂದ ನಿಲ್ಲುತ್ತಾರೆ. (ಈ ಲೇಖನದ ಹೆಸರಿಗೂ ಅದೇ ಧೈರ್ಯ.) ಹುಡುಕುವವನು ಹಾಗೆ ಬರುವುದಿಲ್ಲ, ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಬರುತ್ತಾನೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವೊಂದಿದೆ. ಜನರು ಯಾವ ಮಾತುಗಳನ್ನು ಬರೆದಾಗ ನಮ್ಮ ಪುಟ ಅವರಿಗೆ ಕಾಣಿಸಿತು ಎಂಬುದನ್ನು ಅದು ತೋರಿಸುತ್ತದೆ. ಹದಿನೇಳು ಪ್ಲಗಿನ್‌ಗಳು ಕಲಿಸದುದನ್ನು ಆ ಒಂದು ಪಟ್ಟಿ ಕಲಿಸಿತು. ಬೆಳುದಿಂಗಳನ್ನು ಯಾರೂ ಹುಡುಕಿರಲಿಲ್ಲ. ‘ಒಂದು ಖಂಡುಗಕ್ಕೆ ಎಷ್ಟು ಕೊಳಗ’ ಎಂದು ಹುಡುಕಿದ್ದರು. ಕೆಲವರು ಖಂಡುಗ ಎಂದು, ಕೆಲವರು ಕಂಡುಗ ಎಂದು. ರೋಮನ್ ಲಿಪಿಯಲ್ಲಿ ಬರೆದವರೂ ಕಡಮೆಯೇನಿರಲಿಲ್ಲ. ಹಳೆಯ ದಾನಪತ್ರವನ್ನೋ ಭಾಗಪತ್ರವನ್ನೋ ಕೈಯಲ್ಲಿ ಹಿಡಿದು, ಅದರಲ್ಲಿರುವ ಅಳತೆ ತಿಳಿಯದೆ ಕುಳಿತವರಿರಬೇಕು ಎಂದು ನಾನು ಊಹಿಸಿದೆನು.

ಹೆಸರನ್ನು ಬದಲಾಯಿಸಿದೆನು: ‘ಕೊಳಗ, ಸೇರು, ಖಂಡುಗ: ಧಾನ್ಯದ ಹಳೆಯ ಅಳತೆಗಳು’. ಹಳೆಯ ಮೈಸೂರು ಸೀಮೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗವೆಂಬ ಉತ್ತರ ಮೊದಲ ವಾಕ್ಯದಲ್ಲಿಯೇ ಬಂದಿತು. ಕಂಡುಗ ಎಂಬ ರೂಪವನ್ನೂ ರೋಮನ್ ಬರಹವನ್ನೂ ಒಂದೊಂದು ಸಲ, ಸಹಜವಾಗಿ ಬರುವೆಡೆಯಲ್ಲಿ, ಸೇರಿಸಿದೆವು. ದೀಪಕ್ಕಾಗಿ ಕೆಡಿಸಿದ್ದ ಗದ್ಯವನ್ನು ತೆಗೆದು, ವಿದ್ಯಾರ್ಥಿನಿಯು ಅಜ್ಜನ ಬಾಯಿಂದ ಬರೆದುಕೊಂಡ ಮಾತುಗಳನ್ನೇ ಮತ್ತೆ ಇಟ್ಟೆನು. ದೀಪ ಪುನಃ ಕೆಂಪಾಯಿತು. ಇರಲಿ ಎಂದೆನು.

ಆರು ವಾರಗಳ ಮೇಲೆ ಪುಟವು ಮೂರನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ನಡುವೆ ಇತಿಹಾಸದ ಅಧ್ಯಾಪಕರೊಬ್ಬರು ತಮ್ಮ ತಾಣದಿಂದ ಒಂದು ಕೊಂಡಿ ಕೊಟ್ಟಿದ್ದರು. ಕೇಳದೆಯೇ ಬಂದ ಪೂರ್ವಕವಿಸ್ತುತಿ. ಹುಡುಗಿ ಆ ಭಾನುವಾರವೇ ಊರಿಗೆ ಹೋಗಿ ಅಜ್ಜನವರ ಎದುರಿನಲ್ಲಿ ‘ಕೊಳಗ’ ಎಂದು ಬರೆದು ತೋರಿಸಿದಳು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅವಳಿಂದಲೇ ಪೂರ್ತಿ ಓದಿಸಿ ಕೇಳಿದರಂತೆ. ಕೇಳಿದ ಮೇಲೆ ಅವರಾಡಿದ ಮಾತು ಇದು: “ಗೋಪುರದ ಹಾಗೆ ತುಂಬಿ ಅಳೆದ ಕೊಳಗವೋ, ಅಂಚಿಗೆ ಸಮನಾಗಿ ಸವರಿ ಅಳೆದ ಕೊಳಗವೋ, ಅದನ್ನೇ ಬರೆದಿಲ್ಲವಲ್ಲ! ನೂರು ಕೊಳಗ ಆಗುವ ಹೊತ್ತಿಗೆ ಎಷ್ಟು ವ್ಯತ್ಯಾಸ ಬೀಳುತ್ತೆ ಗೊತ್ತಾ?”

ಸೋಮವಾರ ಬೆಳಗ್ಗೆ ಮೊದಲನೆಯ ತರಗತಿ ಆರಂಭವಾಗುವ ಮುನ್ನವೇ ಅವಳು ಆ ಪುಟಕ್ಕೆ ಎರಡು ಸಾಲು ಸೇರಿಸಿದ್ದಳು.