ಬೆರಳತುದಿಯ ಮೇಲೆ ನಿಲ್ಲುವ ಮುನ್ನ

ಬ್ಯಾಲೆಯು ಯೂರೋಪಿನ ಅಭಿಜಾತ ನೃತ್ಯ. ನರ್ತಕಿಯು ಕಾಲ್ಬೆರಳ ತುದಿಯ ಮೇಲೆ ನಿಂತು ಬುಗುರಿಯಂತೆ ತಿರುಗುವುದನ್ನು ಚಲಚ್ಚಿತ್ರಗಳಲ್ಲಿ ಕಂಡು ನಾವು ಬೆರಗಾಗುತ್ತೇವೆ. ಈ ವಿದ್ಯೆಗೂ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳುಂಟು. 1920ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ, ಇಂದು ರಾಯಲ್ ಅಕಾಡೆಮಿ ಆಫ್ ಡಾನ್ಸ್ ಎನಿಸಿಕೊಂಡಿರುವ ಸಂಸ್ಥೆಯು ನಡೆಸುವ 'ಇಂಟರ್‌ಮೀಡಿಯೆಟ್' ಪರೀಕ್ಷೆ ಅವುಗಳಲ್ಲೊಂದು. ಹನ್ನೆರಡು ವರ್ಷ ತುಂಬಿದವರು ಇದಕ್ಕೆ ಕುಳಿತುಕೊಳ್ಳಬಹುದು. 'ಕುಳಿತುಕೊಳ್ಳುವುದು' ಎಂಬುದು ಮಾತಿನ ರೂಢಿಯಷ್ಟೆ. ಇಲ್ಲಿ ಕುರ್ಚಿಯೂ ಇಲ್ಲ, ಉತ್ತರಪತ್ರಿಕೆಯೂ ಇಲ್ಲ. ಪರೀಕ್ಷಕರ ಮುಂದೆ ದೇಹವೇ ಉತ್ತರ ಹೇಳಬೇಕು.

ಮೊದಲು ಸೊಂಟದೆತ್ತರದ ಅಡ್ಡದಂಡವನ್ನು ಹಿಡಿದು ಮಾಡುವ ಅಭ್ಯಾಸಗಳು. ಬಳಿಕ ಆಧಾರವಿಲ್ಲದೆ ಮಾಡುವ ನಿಧಾನಗತಿಯ ಸಮತೋಲನ, ಸುತ್ತು, ನೆಗೆತಗಳು. ವಿದ್ಯಾರ್ಥಿನಿಯರಿಗೆ ಬೆರಳತುದಿಯ ನರ್ತನವೂ ಇದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿ ಇದರಲ್ಲಿ ತೇರ್ಗಡೆಯಾಗಲು ಸಾಧ್ಯವಿಲ್ಲ. ಏಕೆಂದರೆ ಪಾಠ ಕಲಿಯಬೇಕಾದವು ಕೀಲು, ಎಲುಬು, ಸ್ನಾಯು, ನರಗಳು. ಒಂದೊಂದರ ಕಲಿಕೆಯ ವೇಗವೂ ಬೇರೆ.

ಕೀಲುಗಳನ್ನೇ ಮೊದಲು ನೋಡೋಣ. ಬ್ಯಾಲೆಯಲ್ಲಿ ಎರಡೂ ಕಾಲುಗಳು ಹೊರಮುಖವಾಗಿ ತಿರುಗಿರಬೇಕು. ನಮ್ಮ ಭರತನಾಟ್ಯದ ಅರಮಂಡಿಯಲ್ಲೂ ಮೊಣಕಾಲುಗಳು ಹೊರಕ್ಕೆ ತೆರೆದುಕೊಳ್ಳುವುದನ್ನು ವಾಚಕರು ಬಲ್ಲರು. ಈ ತಿರುವು ಬಹುಮಟ್ಟಿಗೆ ತೊಡೆಯ ಎಲುಬು ಸೊಂಟದ ಗುಳಿಯಲ್ಲಿ ಕೂಡುವ ಕೀಲಿನಿಂದ ಬರಬೇಕು. ಅಲ್ಲಿ ಗುಂಡು ಬಟ್ಟಲಿನೊಳಗೆ ಹೊರಳಿದಂತೆ ಚಲನೆಗೆ ಅವಕಾಶವಿದೆ. ಮೊಣಕಾಲಾದರೋ ಹೆಚ್ಚುಕಡಮೆ ಬಾಗಿಲ ತಿರುಗಣಿಯಂತೆ. ಅಂಕದ ಆಸೆಗೆ ಪಾದಗಳನ್ನು ಬಲವಂತವಾಗಿ ಹೊರಳಿಸಿ ನೆಲಕ್ಕೊತ್ತಿ ನಿಂತರೆ ತಿರುಚುವ ಬಲವೆಲ್ಲ ಮೊಣಕಾಲು, ಹರಡುಗಳ ಮೇಲೆ ಬೀಳುತ್ತದೆ.

ಇನ್ನು ಬೆರಳತುದಿಯ ನಿಲುವು. 45 ಕಿಲೋಗ್ರಾಂ ತೂಕದ ಹುಡುಗಿ ಎರಡೂ ಪಾದಗಳನ್ನೂರಿ ನಿಂತಾಗ ನೆಲಕ್ಕೆ ತಾಗುವ ಭಾಗ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವ ಭಾರ 225 ಗ್ರಾಂ. ಅವಳೇ 10 ಚದರ ಸೆಂಟಿಮೀಟರ್ ಅಗಲದ ಒಂದೇ ಪಾದರಕ್ಷೆಯ ತುದಿಯ ಮೇಲೆ ನಿಂತರೆ ಅದು 4,500 ಗ್ರಾಂ, ಅಂದರೆ ಇಪ್ಪತ್ತು ಪಟ್ಟು! ಬಟ್ಟೆ ಕಾಗದಗಳ ಪದರಗಳನ್ನು ಅಂಟಿನಿಂದ ಗಟ್ಟಿಗೊಳಿಸಿದ ಪಾದರಕ್ಷೆಯ ಮೂತಿಯು ಬೆರಳುಗಳಿಗೆ ಆಸರೆ ಕೊಡುತ್ತದೆ; ಆದರೆ ಪಾದವನ್ನು ಮೊಳಕಾಲಿನ ನೇರಕ್ಕೆ ಹಿಡಿದು ನಿಲ್ಲಿಸುವ ಕೆಲಸ ಸ್ನಾಯುಗಳದೇ. ಹನ್ನೆರಡರ ಪ್ರಾಯದಲ್ಲಿ ಪಾದದ ಎಲುಬುಗಳ ಬೆಳವಣಿಗೆಯೂ ಇನ್ನೂ ಮುಗಿದಿರುವುದಿಲ್ಲ. ಆದುದರಿಂದ ಬಲ್ಲ ಗುರುಗಳು ವಯಸ್ಸೊಂದನ್ನೇ ಕೇಳುವುದಿಲ್ಲ. ಒಂಟಿಕಾಲಿನಲ್ಲಿ ಅಲುಗದೆ ನಿಲ್ಲಬಲ್ಲಳೇ, ಹಿಮ್ಮಡಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಬಲ್ಲಳೇ, ನೆಗೆದು ಹತೋಟಿ ತಪ್ಪದೆ ಇಳಿಯಬಲ್ಲಳೇ ಎಂದು ಪರೀಕ್ಷಿಸುತ್ತಾರೆ.

ಸುತ್ತುವಾಗ ತಲೆ ತಿರುಗದೇ? ಒಳಗಿವಿಯ ಅರ್ಧವೃತ್ತ ನಾಳಗಳಲ್ಲಿರುವ ದ್ರವವು, ದೇಹ ನಿಂತ ಮೇಲೂ ತುಸುಹೊತ್ತು ಚಲಿಸುತ್ತದೆ. ಅದೇ ತಲೆಸುತ್ತಿಗೆ ಕಾರಣ. ನರ್ತಕಿಯು ಒಂದು ಗುರುತಿನ ಮೇಲೆ ದೃಷ್ಟಿಯಿಟ್ಟು, ಕತ್ತನ್ನು ಕೊನೆಗಳಿಗೆಯಲ್ಲಿ ಚಕ್ಕನೆ ಹೊರಳಿಸಿ, ಮತ್ತೆ ಅದೇ ಗುರುತನ್ನು ಹಿಡಿಯುತ್ತಾಳೆ. ಅಷ್ಟೇ ಅಲ್ಲ, ಅಭ್ಯಾಸವು ಮಿದುಳನ್ನೂ ಪಳಗಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬ್ಯಾಲೆ ನರ್ತಕಿಯರನ್ನೂ ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳನ್ನೂ ಕತ್ತಲೆಯಲ್ಲಿ ತಿರುಗುಕುರ್ಚಿಯ ಮೇಲೆ ಸುತ್ತಿಸಿ ನೋಡಿದರು. ಕುರ್ಚಿ ನಿಂತ ಬಳಿಕ ಸುತ್ತುತ್ತಿರುವ ಭಾವನೆ ನರ್ತಕಿಯರಲ್ಲಿ ಬೇಗ ಅಡಗಿತೆಂದು 2013ರಲ್ಲಿ ಅವರು ಪ್ರಕಟಿಸಿದರು.

ನರಗಳು ಹೊಸ ಚಲನೆಯನ್ನು ಕೆಲವು ವಾರಗಳಲ್ಲೇ ಕಲಿಯಬಹುದು. ಎಲುಬು ಅಷ್ಟು ಚುರುಕಲ್ಲ. ಭಾರಕ್ಕೆ ತಕ್ಕಂತೆ ತನ್ನನ್ನು ಮರಳಿ ಕಟ್ಟಿಕೊಳ್ಳಲು ಅದಕ್ಕೆ ತಿಂಗಳುಗಳು ಬೇಕು. ಪರೀಕ್ಷೆ ಹತ್ತಿರವಾಯಿತೆಂದು ಅಭ್ಯಾಸವನ್ನು ಒಮ್ಮೆಗೇ ಇಮ್ಮಡಿಸಿದರೆ, ಕಟ್ಟುವುದಕ್ಕಿಂತ ಸವೆಯುವುದೇ ಹೆಚ್ಚಾಗಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ನರ್ತಕಿಯರಲ್ಲಿ ಎರಡನೆಯ ಬೆರಳಿನ ಹಿಂದಿನ ಪಾದದೆಲುಬು ಇದಕ್ಕೆ ಬಲಿಯಾಗುವುದುಂಟು. ಹೀಗಾಗಿ ದಿನವೂ ಮಿತವಾದ ಅಭ್ಯಾಸ, ಸಾಕಷ್ಟು ಆಹಾರ ಮತ್ತು ನಿದ್ರೆ, ನೋವು ಕಂಡೊಡನೆ ವಿಶ್ರಾಂತಿ ಇವೂ ಪಠ್ಯದ ಭಾಗಗಳೇ. ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ಹಾಕಬಹುದು. ಬೆಳೆಯುವ ಎಲುಬನ್ನು ಅವಸರಪಡಿಸಲಾಗದು.