ಚುಕ್ಕಿ ಎಣಿಸಿ ಬರೆದ ಗುರುತು

ಹಳೆಯ ಕೌಂಟರ್-ಸ್ಟ್ರೈಕ್ ಆಡಿದವರಿಗೆ ಕೀಬೋರ್ಡಿನ 'ಟಿ' ಕೀಲಿಯ ಕೆಲಸ ಗೊತ್ತು. ಗೋಡೆಯ ಪಕ್ಕ ನಿಂತು ಅದನ್ನೊತ್ತಿದರೆ ಪೇಂಟ್ ಡಬ್ಬಿಯ 'ಸ್ಸ್' ಎಂಬ ಸದ್ದಾಗಿ, ಆಟಗಾರ ತನ್ನ ಕಂಪ್ಯೂಟರಿನಲ್ಲಿ ಮಾಡಿಟ್ಟುಕೊಂಡಿದ್ದ ಲೋಗೋ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಆ ಸರ್ವರಿನಲ್ಲಿದ್ದವರಿಗೆಲ್ಲ ಅದು ಕಾಣುತ್ತಿತ್ತು. ಇದರಿಂದ ಒಂದು ಅಂಕವೂ ಹೆಚ್ಚುತ್ತಿರಲಿಲ್ಲ, ಒಂದು ಗುಂಡೂ ಉಳಿಯುತ್ತಿರಲಿಲ್ಲ. ಹಾಗಿದ್ದೂ ಆಟದ ಮಧ್ಯೆ, ಜೀವ ಹೋಗುವ ಅಪಾಯವಿದ್ದಾಗಲೂ, ಜನ ನಿಂತು ಗುರುತು ಹಾಕಿ ಮುಂದೆ ಹೋಗುತ್ತಿದ್ದರು. 'ಸ್ಪ್ರೇ' ಎಂದು ಕರೆಸಿಕೊಂಡ ಈ ಲೋಗೋ ಇಂದಿನ ದೊಡ್ಡ ಆಟಗಳಲ್ಲಿ ಹೆಚ್ಚುಕಡಿಮೆ ಇಲ್ಲ. ಅದರ ಜಾಗದಲ್ಲಿರುವುದು ಕಂಪನಿ ಕೊಡುವ ಸಿದ್ಧ ಚಿತ್ರ. ಅಶ್ಲೀಲ ಚಿತ್ರಗಳ ಹಾವಳಿಯಿಂದ ಸ್ಪ್ರೇ ಸತ್ತಿತು ಎನ್ನುವ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಿಲ್ಲ. ಗೋಡೆ ಯಾರದ್ದು ಎಂಬುದು ಬದಲಾಯಿತು. ಗೋಡೆಯ ಜೊತೆಗೇ ಗುರುತೂ ಕೈತಪ್ಪಿತು. ಈ ಲೋಗೋ ಬಂದ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ದಾರಿ ಶುರುವಾಗುವುದು 1993ರ 'ಡೂಮ್' ಆಟದಿಂದ. ಐಡಿ ಸಾಫ್ಟ್‌ವೇರ್ ಸಂಸ್ಥೆ ಆ ಆಟದ ಚಿತ್ರ, ಸದ್ದು, ನಕ್ಷೆಗಳನ್ನು ಮೂಲ ಪ್ರೋಗ್ರಾಮಿನಿಂದ ಬೇರ್ಪಡಿಸಿ 'ವ್ಯಾಡ್' ಎಂಬ ಪ್ರತ್ಯೇಕ ಫೈಲಿನಲ್ಲಿಟ್ಟಿತು. ಆಟದ ಯಂತ್ರಕ್ಕೆ ಕೈಹಚ್ಚದೆಯೇ ಅದರ ಬಣ್ಣ ಬದಲಿಸಬಹುದು ಎಂದು ಆಟಗಾರರಿಗೆ ತಿಳಿದದ್ದು ಆಗ. 1996ರಲ್ಲಿ ಬಂದ 'ಕ್ವೇಕ್' ಮತ್ತು ಅದರ ಇಂಟರ್ನೆಟ್ ರೂಪವಾದ 'ಕ್ವೇಕ್‌ವರ್ಲ್ಡ್'ನಲ್ಲಿ ತಂಡಗಳು ತಮ್ಮದೇ ಬಣ್ಣದ ಮೈಯುಡುಗೆಗಳನ್ನು, ಅಂದರೆ 'ಸ್ಕಿನ್'ಗಳನ್ನು ತೊಟ್ಟವು. ವಾಲ್ವ್ ಕಂಪನಿ ಕ್ವೇಕ್‌ನ ಎಂಜಿನ್ ಪಡೆದು, ಬಹಳಷ್ಟು ಬದಲಿಸಿ, 1998ರ ನವೆಂಬರಿನಲ್ಲಿ 'ಹಾಫ್-ಲೈಫ್' ಹೊರತಂದಿತು. ಗುಂಡು ಬಿದ್ದ ತೂತು, ರಕ್ತದ ಕಲೆಗಳನ್ನು ಗೋಡೆಯ ಮೇಲೆ ಅಂಟಿಸುವ 'ಡೆಕಾಲ್' ಎಂಬ ಏರ್ಪಾಟು ಅದರಲ್ಲಿತ್ತು. ಅದೇ ಏರ್ಪಾಟಿನಲ್ಲಿ ಆಟಗಾರನ ಲೋಗೋಗೂ ಒಂದು ಜಾಗ ಸಿಕ್ಕಿತು. ಮೆನುವಿನಲ್ಲಿ ತಲೆಬುರುಡೆ, ನಗುಮುಖದಂಥ ಹತ್ತಾರು ಚಿತ್ರಗಳು, ಆರಿಸಿಕೊಳ್ಳಲು ಕೆಲವೇ ಬಣ್ಣಗಳು. ಕಂಪನಿ ಕೊಟ್ಟದ್ದು ಇಷ್ಟೇ. ಉಳಿದದ್ದನ್ನು ಆಟಗಾರರೇ ಹುಡುಕಿಕೊಂಡರು.

ಹುಡುಕಿದ್ದು ಹೀಗೆ. ಆರಿಸಿದ ಲೋಗೋವನ್ನು ಆಟ 'ಟೆಂಪ್‌ಡೆಕಾಲ್' ಎಂಬ ಹೆಸರಿನ ವ್ಯಾಡ್ ಫೈಲಿನಲ್ಲಿ ಬರೆದಿಡುತ್ತಿತ್ತು. ಆ ಫೈಲನ್ನು ತೆಗೆದು, 'ವಾಲಿ'ಯಂಥ ಪುಟ್ಟ ತಂತ್ರಾಂಶದಲ್ಲಿ ತಮ್ಮ ಚಿತ್ರದಿಂದ ಮಾಡಿದ ಫೈಲನ್ನು ಅಲ್ಲಿಟ್ಟರೆ ಆಟ ಅದನ್ನೇ ತನ್ನದೆಂದು ಓದುತ್ತಿತ್ತು. ಆದರೆ ಮುಂದಿನ ಸಲ ಶುರುವಾದಾಗ ಹಳೆಯ ಲೋಗೋವನ್ನು ಅದರ ಮೇಲೆ ಬರೆದುಬಿಡುತ್ತಿತ್ತು. ಹಾಗಾಗಿ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ರೀಡ್ ಓನ್ಲಿ' ಎಂಬಲ್ಲಿ ಗುರುತು ಹಾಕಬೇಕಿತ್ತು. ಚಿತ್ರದ ಉದ್ದ ಅಗಲ 16ರ ಗುಣಕಗಳಲ್ಲೇ ಇರಬೇಕು. ಒಟ್ಟು ಚುಕ್ಕಿಗಳು ಹನ್ನೆರಡು-ಹದಿನಾಲ್ಕು ಸಾವಿರ ದಾಟಬಾರದು. 96 ಅಗಲ, 128 ಎತ್ತರ ಎಂದರೆ 12,288 ಚುಕ್ಕಿ. ಬಣ್ಣಗಳು 256, ಅದರಲ್ಲಿ ಪಾರದರ್ಶಕತೆಗೆಂದು ಕೊನೆಯದನ್ನು ಅಚ್ಚನೀಲಿಯಾಗಿ ಬಿಟ್ಟುಕೊಡಬೇಕು. ಚಿತ್ರದ ಜೊತೆ ಅದರ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳೂ ಸೇರಿ ಫೈಲು ಇಪ್ಪತ್ತು ಕಿಲೋಬೈಟಿನೊಳಗೆ ಮುಗಿಯುತ್ತಿತ್ತು. ಡಯಲ್-ಅಪ್ ಮೋಡೆಮ್ಮಿನ ಕಾಲದಲ್ಲಿ ಅಷ್ಟನ್ನು ಸರ್ವರಿಗೆ ಕಳಿಸಲು ನಾಲ್ಕೈದು ಸೆಕೆಂಡು ಬೇಕಾಗುತ್ತಿತ್ತು. ಹಾಗಾಗಿ ಈ ಮಿತಿ ಸುಮ್ಮನೆ ಹೇರಿದ್ದಲ್ಲ. ಅದರಿಂದ ಒಂದು ಕಸುಬೂ ಹುಟ್ಟಿತು. ಫೋಟೋ ತುರುಕಿದರೆ ಮಸುಕು ಕಲೆಯಾಗುತ್ತಿತ್ತು. ದಪ್ಪ ಗೆರೆ, ಕಡಿಮೆ ಬಣ್ಣ, ದೂರದಿಂದಲೂ ಓದಬಲ್ಲ ಆಕಾರ ಗೆಲ್ಲುತ್ತಿತ್ತು. ಚುಕ್ಕಿಯಿಟ್ಟು ರಂಗೋಲಿ ಹಾಕುವವರಿಗೆ ಈ ಲೆಕ್ಕ ಹೊಸದಲ್ಲ: ಎಷ್ಟು ಚುಕ್ಕಿಗೆ ಯಾವ ಎಳೆ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ರಂಗೋಲಿಯಂತೆ ಇದರ ಆಯುಸ್ಸೂ ಕಿರಿದು. ಹೊಸದನ್ನು ಹಾಕಿದರೆ ಹಳೆಯದು ಹೋಗುತ್ತಿತ್ತು, ಮ್ಯಾಪ್ ಬದಲಾದರೆ ಗೋಡೆಯೇ ಬದಲಾಗುತ್ತಿತ್ತು.

ಹಾಫ್-ಲೈಫ್ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಕಟ್ಟಿದ ಕೌಂಟರ್-ಸ್ಟ್ರೈಕ್ 1999ರಲ್ಲಿ ಹೊರಬಂತು. ಮುಂದೆ ಅದರ 1.6 ಆವೃತ್ತಿಯೇ ಬೆಂಗಳೂರಿನ ಸೈಬರ್ ಸೆಂಟರುಗಳಿಗೂ ಗೇಮಿಂಗ್ ಕೆಫೆಗಳಿಗೂ ಹೊಕ್ಕಿತು. ಅಲ್ಲಿನ ಲ್ಯಾನ್ ಜೋಡಣೆಯಲ್ಲಿ ಮೋಡೆಮ್ಮಿನ ಕಾಯುವಿಕೆಯೇ ಇರಲಿಲ್ಲ, ಲೋಗೋ ಕ್ಷಣದಲ್ಲಿ ಎಲ್ಲ ಪರದೆಗಳನ್ನೂ ಮುಟ್ಟುತ್ತಿತ್ತು. ತಂಡದ ಹೆಸರು ಸಾರಲು, ಸತ್ತ ಎದುರಾಳಿಯ ಪಕ್ಕ ಹಾಕಿ ಕೆಣಕಲು ಅದು ಬಳಕೆಯಾಗುತ್ತಿತ್ತು. ಕತ್ತಲ ಮೂಲೆಯಲ್ಲಿ ಸೈನಿಕನ ಚಿತ್ರ ಅಂಟಿಸಿ, ಬಂದವನು ಗೋಡೆಗೆ ಗುಂಡು ಹಾರಿಸುವಂತೆ ಮಾಡಿದವರೂ ಇದ್ದರು. 2004ರಲ್ಲಿ ವಾಲ್ವ್ ತಂದ 'ಸೋರ್ಸ್' ಎಂಬ ಹೊಸ ಎಂಜಿನ್ನಿನಲ್ಲಿ ಅಳತೆ ಹಿಗ್ಗಿತು, ಚಲಿಸುವ ಚಿತ್ರವೂ ಸಾಧ್ಯವಾಯಿತು. ಆಗ ಆಟಗಾರರು ಕಂಡುಕೊಂಡ ಒಂದು ಜಾಣ್ಮೆಯನ್ನು ಇಲ್ಲಿ ಹೇಳಲೇಬೇಕು. ದೂರದಿಂದ ನೋಡಿದಾಗ ಎಂಜಿನ್ ಚಿತ್ರದ ಸಣ್ಣ ಪ್ರತಿಯನ್ನು ತೋರಿಸುತ್ತದಲ್ಲ, ಆ ಸಣ್ಣ ಪ್ರತಿಯ ಜಾಗದಲ್ಲಿ ಬೇರೆಯದೇ ಚಿತ್ರವಿಟ್ಟರು. ದೂರಕ್ಕೆ ಒಂದು, ಹತ್ತಿರ ಹೋದರೆ ಇನ್ನೊಂದು. ವೇಗಕ್ಕಾಗಿ ಎಂಜಿನಿಯರುಗಳು ಮಾಡಿದ ವ್ಯವಸ್ಥೆ ಆಟಗಾರರ ಕೈಯಲ್ಲಿ ಕಥೆ ಹೇಳುವ ಸಾಧನವಾಯಿತು.

ಇನ್ನು ಅಶ್ಲೀಲತೆಯ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾರು ಯಾವ ಚಿತ್ರ ಹಾಕುತ್ತಾರೆಂದು ಮುಂಚೆ ನೋಡುವವರಿರಲಿಲ್ಲ. ನಗ್ನಚಿತ್ರ, ದ್ವೇಷದ ಚಿಹ್ನೆಗಳು ಮಕ್ಕಳ ಕಣ್ಣಿಗೂ ಬಿದ್ದವು. ಆಡಲು ಬಂದು ಅವಮಾನ ಹೊತ್ತು ಹೋದವರ ನೋವು ನಿಜವಾದದ್ದು. ಆದರೆ ಆಗ ಸರ್ವರುಗಳನ್ನು ನಡೆಸುತ್ತಿದ್ದವರು ಬಹುಪಾಲು ಆಟಗಾರರೇ. ಡೆಕಾಲ್‌ಗಳನ್ನು ಸೊನ್ನೆಗಿಳಿಸುವ, ಇತರರ ಲೋಗೋ ಇಳಿಸಿಕೊಳ್ಳದಿರುವ ಆಯ್ಕೆ ಪ್ರತಿಯೊಬ್ಬರಿಗೂ ಇತ್ತು. ಸ್ಪ್ರೇಯತ್ತ ಗುರಿಯಿಟ್ಟರೆ ಹಾಕಿದವನ ಹೆಸರು ತೋರಿಸುವ ಪ್ಲಗಿನ್‌ಗಳು ಬಂದಿದ್ದವು, ಅದನ್ನು ನೋಡಿ ಅಡ್ಮಿನ್ ಆತನನ್ನು ಹೊರಹಾಕುತ್ತಿದ್ದ. ಊರಿನ ಗೋಡೆಯನ್ನು ಊರವರೇ ಕಾದಂತೆ ಇದು. ಕಾವಲು ಎಲ್ಲೆಡೆ ಚೆನ್ನಾಗಿತ್ತೆಂದಲ್ಲ, ಆದರೆ ಕಾವಲುಗಾರ ಇದ್ದ. ಹೊರಗಿನ ಚಿತ್ರ ತರುವುದನ್ನೇ ತಡೆದರೆ ಸಮಸ್ಯೆ ಮುಗಿಯುತ್ತದೆ ಎನ್ನುವವರು 2010ರ 'ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್' ಆಟವನ್ನು ನೋಡಬೇಕು. ಅಲ್ಲಿ ವೃತ್ತ, ಚೌಕದಂಥ ಸಿದ್ಧ ಆಕಾರಗಳನ್ನು 12 ಪದರಗಳಲ್ಲಿ ಜೋಡಿಸಿ ಲಾಂಛನ ಮಾಡಬೇಕಿತ್ತು. ಅದರಲ್ಲೂ ಅಶ್ಲೀಲ ಚಿತ್ರ ಬಂತು, ನಾಜಿ ಸ್ವಸ್ತಿಕವೂ ಬಂತು. ಸ್ವಸ್ತಿಕ ಹಾಕಿದವರನ್ನು ನಿಷೇಧಿಸುತ್ತೇವೆ ಎಂದು ಎಕ್ಸ್‌ಬಾಕ್ಸ್ ಲೈವ್‌ನ ನಿಯಮಪಾಲನೆಯ ಹೊಣೆ ಹೊತ್ತವರು ಎಚ್ಚರಿಸಿದರು. ನಮ್ಮ ಹೊಸ್ತಿಲ ಮೇಲೆ, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಮಂಗಳಕರವಾದ ಚಿಹ್ನೆ ಇನ್ನೊಂದೆಡೆ ಲಕ್ಷಾಂತರ ಜನರ ಹತ್ಯೆಯ ನೆನಪು. ಇದನ್ನು ತೀರ್ಮಾನಿಸಲು ಆ ಗೋಡೆಯ ಮುಂದೆ ಯಾರಿದ್ದಾರೆ ಎಂದು ಬಲ್ಲ ಮನುಷ್ಯ ಬೇಕು; ಆಕಾರಗಳ ಪಟ್ಟಿಯಿಂದ ಆಗದು.

ಆ ಮನುಷ್ಯನನ್ನು ಆಟದಿಂದ ತೆಗೆದದ್ದೇ ನಿಜವಾದ ತಿರುವು. ಬಟನ್ ಒತ್ತಿದರೆ ಕಂಪನಿಯ ಸರ್ವರಿಗೆ ಸೇರಿಸಿ, ಅಪರಿಚಿತ ಹತ್ತು ಮಂದಿಯನ್ನು ಜೋಡಿಸುವ ಮ್ಯಾಚ್‌ಮೇಕಿಂಗ್ ಬಂದ ಮೇಲೆ ಅಡ್ಮಿನ್ ಎಂಬ ಸ್ಥಾನವೇ ಉಳಿಯಲಿಲ್ಲ. ಕಾವಲಿನ ಹೊಣೆ ಕಂಪನಿಗೆ ಬಂತು, ಕಂಪನಿಗೆ ಸುಲಭವಾದ ಉತ್ತರ ಗೋಡೆಯನ್ನು ಖಾಲಿ ಬಿಡುವುದು. 2012ರಲ್ಲಿ ಬಂದ 'ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಸ್ಪ್ರೇ ಇಲ್ಲದೆಯೇ ಬಂತು. 2016ರ ಅಕ್ಟೋಬರಿನಲ್ಲಿ ಗುರುತು ಮರಳಿತು, 'ಗ್ರಾಫಿಟಿ' ಎಂಬ ಹೆಸರಿನಲ್ಲಿ: ಸಿದ್ಧ ಚಿತ್ರ, 50 ಸಲ ಬಳಸಿದರೆ ಮುಗಿಯಿತು, ಬೇಕಾದರೆ ಕೊಳ್ಳಬಹುದು. ಅಪಾಯವಷ್ಟೇ ಕಾರಣವಾಗಿದ್ದರೆ ಈ ಮಿತಿ ಬೇಕಿರಲಿಲ್ಲ; ಪರಿಶೀಲಿಸಿದ ಚಿತ್ರವನ್ನು ಎಷ್ಟು ಸಲ ಹಾಕಿದರೂ ಅಪಾಯವಿಲ್ಲ. ಐವತ್ತರ ಎಣಿಕೆಗೆ ವ್ಯಾಪಾರವಲ್ಲದೆ ಬೇರೆ ಅರ್ಥ ಕಾಣುವುದಿಲ್ಲ. ಅದೇ ವರ್ಷದ 'ಓವರ್‌ವಾಚ್' ಸ್ಪ್ರೇಗಳನ್ನು ಅದೃಷ್ಟದ ಪೆಟ್ಟಿಗೆಯೊಳಗಿಟ್ಟಿತು. ಈಗ ಆಟಗಾರ-ಕಲಾವಿದರಿಗೆ ಸಂಭಾವನೆ ಸಿಗುತ್ತದಲ್ಲ ಎಂಬ ಮಾತಿದೆ. ಸಿಗುತ್ತದೆ, ಅದು ನ್ಯಾಯವೂ ಹೌದು. ಕದ್ದ ಚಿತ್ರಗಳಿಂದ ತುಂಬಿದ್ದ ಹಳೆಯ ಸ್ಪ್ರೇ ಲೋಕಕ್ಕಿಂತ ಈ ವಿಷಯದಲ್ಲಿ ಇಂದಿನದು ಮೇಲು. ಆದರೆ ಒಳ್ಳೆಯ ಕಲಾವಿದನಿಗೆ ಮಾರುಕಟ್ಟೆ ತೆರೆಯಲು ಕೆಟ್ಟದಾಗಿ ಬರೆಯುವ ಸಾವಿರ ಜನರ ಕೈಯಿಂದ ಕುಂಚ ಕಸಿಯಬೇಕಿರಲಿಲ್ಲ. ಎರಡೂ ಒಟ್ಟಿಗೆ ಇರಬಹುದಿತ್ತು. ವಾಲ್ವ್‌ನದೇ 'ಟೀಮ್ ಫೋರ್ಟ್ರೆಸ್ 2'ರಲ್ಲಿ ಅವು ವರ್ಷಗಟ್ಟಲೆ ಒಟ್ಟಿಗಿದ್ದವು.

ಗೋಡೆಯ ಗುರುತಿಗೆ ಎಷ್ಟು ಶಕ್ತಿಯಿದೆಯೆಂದು ಕಂಪನಿಗೂ ಗೊತ್ತು. 2016ರ ಕೊಲಂಬಸ್ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ಬ್ರೆಜಿಲ್‌ನ 'ಕೋಲ್ಡ್‌ಜೆರಾ' ಹಾರುತ್ತಲೇ ಗುಂಡು ಹೊಡೆದು ಲಿಕ್ವಿಡ್ ತಂಡದ ನಾಲ್ವರನ್ನು ಉರುಳಿಸಿದಾಗ, ಅದು ನಡೆದ ಮಿರಾಜ್ ಮ್ಯಾಪಿನ ಗೋಡೆಯ ಮೇಲೆ ರೆಕ್ಕೆ ಬಿಚ್ಚಿದ ಬಂದೂಕಿನ ಚಿತ್ರವನ್ನು ವಾಲ್ವ್ ಶಾಶ್ವತವಾಗಿ ಬರೆಸಿತು. ಚಿತ್ರ ಸೊಗಸಾಗಿದೆ, ನೆನಪೂ ಅರ್ಹವಾದದ್ದೇ. ಆದರೆ ಯಾವ ಆಟ ನೆನಪಾಗಿ ಉಳಿಯಬೇಕೆಂದು ಅಲ್ಲಿ ಬರೆಯಬಲ್ಲವರು ಒಬ್ಬರೇ. 2023ರ ನವೆಂಬರಿನಲ್ಲಿ ಹಾಫ್-ಲೈಫ್‌ಗೆ 25 ತುಂಬಿದಾಗ ಬಂದ ಪರಿಷ್ಕರಣೆಯಲ್ಲಿ ಕಂಪನಿ ಹತ್ತಾರು ಸ್ಪ್ರೇಗಳನ್ನು ಸೇರಿಸಿ ಕೊಟ್ಟಿತು. ಆ ಆಟವನ್ನು ಇಂದಿಗೂ ಆಡುವವರು ಅವನ್ನು ನೋಡಿ, ಮೆಚ್ಚಿ, ಆಮೇಲೆ ಫೋಲ್ಡರ್ ತೆರೆದು ಟೆಂಪ್‌ಡೆಕಾಲ್ ಫೈಲನ್ನು ಹುಡುಕುತ್ತಾರೆ.