ಫ್ಲೈ ಫಿಶಿಂಗ್: ಮೊದಲು ಗೈಡ್, ಆಮೇಲೆ ಗಾಳ

ರೀಲ್ಸ್‌ನಲ್ಲಿ ಫ್ಲೈ ಫಿಶಿಂಗ್ ನೋಡಿ ಗಾಳ ಆರ್ಡರ್ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ.

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಇರುವುದು ಕೆರೆ ಮತ್ತು ಕೃಷಿ ಹೊಂಡ: ಚಿಕ್ಕಬಳ್ಳಾಪುರದ ಕಂದವಾರ, ಚಿಂತಾಮಣಿಯ ಕನ್ನಂಪಲ್ಲಿ, ಶಿಡ್ಲಘಟ್ಟದ ರಾಮಸಮುದ್ರ, ಗೌರಿಬಿದನೂರಿನ ವಾಟದಹೊಸಹಳ್ಳಿ. ಹೊಸಬರು ಜಿಲೇಬಿ ಮೀನಿನಿಂದ (ತಿಲಾಪಿಯಾ) ಶುರು ಮಾಡಿ. ಕಾಟ್ಲಾ ನೀರು ಸೋಸಿ ತಿನ್ನುವ ಮೀನು, ಇದಕ್ಕೆ ಸುಲಭವಾಗಿ ಬೀಳಲ್ಲ.

ಬೀಸುವುದು ಹೇಗೆ?
ಗರಿ, ನೂಲಿನಿಂದ ಕಟ್ಟಿದ ಹುಳಕ್ಕೆ ತೂಕವಿಲ್ಲ, ತೂಕವೆಲ್ಲ ದಾರದ್ದೇ. ಕೋಲನ್ನು ಹಿಂದಕ್ಕೆ ಬೀಸಿ, ದಾರ ನೆಟ್ಟಗಾಗುವವರೆಗೆ ಕಾಯಿರಿ, ಆಮೇಲೆ ಮುಂದಕ್ಕೆ ಬೀಸಿ. ಮೊದಲು ಖಾಲಿ ಹೊಲದಲ್ಲಿ, ಕೊಕ್ಕೆ ಇಲ್ಲದೆ ಅಭ್ಯಾಸ ಮಾಡಿ.

ಗೈಡ್ ಯಾರು?
ಅದೇ ಕೆರೆಯಲ್ಲಿ ಬಲೆ ಬೀಸಿ ಪಳಗಿದವರು. ಅರ್ಧ ದಿನದ ಕೂಲಿ ಮೊದಲೇ ಮಾತಾಡಿ, ಮೂರು ಪ್ರಶ್ನೆ ಕೇಳಿ: ಮೀನಿನ ಗುತ್ತಿಗೆ ಯಾರದು? ಗುಂಡಿ, ಹೂಳು ಎಲ್ಲಿದೆ? ಮೀನು ದಡಕ್ಕೆ ಬರೋದು ಯಾವಾಗ? ಗುತ್ತಿಗೆದಾರರು ಒಪ್ಪದೆ ಗಾಳ ಹಾಕಬೇಡಿ.

ಹೊಂಡದಲ್ಲಿ ಹುಷಾರ್
ಟಾರ್ಪಾಲ್ ಹಾಸಿದ ಅಂಚು ಜಾರುತ್ತೆ. ಬಿದ್ದರೆ ಈಜು ಬಂದವರಿಗೂ ಹತ್ತೋದು ಕಷ್ಟ. ಒಬ್ಬರೇ ಹೋಗಬೇಡಿ. ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಆಮೇಲೆ ಗಾಳ ಬೀಸಿ.